ರಾಡಿಯಲ್ಲೂ ಒಂದು ಸೈಕಲ್ ಶರ್ಯತ್ತು ಆಗಲಿ

ಜಾತ್ರೆ ಬಂತೆಂದರೆ ನಮ್ಮ ಕಡೆ ಶರ್ಯತ್ತು ಇರಲೇಬೇಕು. ಎತ್ತಿನ ಗಾಡಿ, ಕುದುರೆ ಗಾಡಿ, ಜೊತೆಗೆ ಸೈಕಲ್. ಡಾಂಬರು ರಸ್ತೆಯ ಎರಡೂ ಬದಿ ಜನ, ನಡುವೆ ಬಗ್ಗಿ ತುಳಿಯುವ ಹುಡುಗರು. ಯಾವ ತಂಡ ಎಂದು ಕೇಳಿದರೆ ಊರಿನ ಹೆಸರು ಹೇಳುತ್ತಾರೆ. ಕಾಲೇಜಿನ ಹೆಸರು ಹೇಳುವವರು ಸಿಗುವುದು ಕಷ್ಟ.

ನಮ್ಮ ಮಾತು ಇಷ್ಟೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಕಾಲೇಜುಗಳು ಸೈಕಲ್ ತಂಡ ಕಟ್ಟಬೇಕು. ಆ ತಂಡಗಳ ಮೊದಲ ಪಂದ್ಯ ಡಾಂಬರಿನ ಮೇಲೆ ಬೇಡ, ಹೊಲದ ರಾಡಿಯಲ್ಲಿ ನಡೆಯಲಿ.

ನಗಬೇಡಿ, ಇಂಥದೊಂದು ಆಟ ನಿಜವಾಗಿಯೂ ಇದೆ. ಹೆಸರು ಸೈಕ್ಲೋಕ್ರಾಸ್. ಬೆಲ್ಜಿಯಂ, ನೆದರ್ಲೆಂಡ್ಸ್ ದೇಶಗಳ ಹಳ್ಳಿಗಳಲ್ಲಿ ಚಳಿಗಾಲ ಬಂದರೆ ಇದನ್ನು ನೋಡಲು ಜನ ಜಾತ್ರೆಯಂತೆ ಸೇರುತ್ತಾರೆ. 1950ರಿಂದ ಇದರ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿದೆ. 2000ದಿಂದ ಮಹಿಳೆಯರಿಗೂ ಇದೆ.

ಆಟ ಸರಳ. ಎರಡೂವರೆಯಿಂದ ಮೂರೂವರೆ ಕಿಲೋಮೀಟರಿನ ಒಂದು ಸುತ್ತು. ದಾರಿಯಲ್ಲಿ ಹುಲ್ಲು, ಕೆಸರು, ಮರಳು, ದಿಬ್ಬ. ನಡುವೆ 40 ಸೆಂಟಿಮೀಟರ್ ಎತ್ತರದ ಅಡ್ಡ ಹಲಗೆಗಳು. ಅಲ್ಲಿ ಸೈಕಲ್ಲಿನಿಂದ ಜಿಗಿದು, ಅದನ್ನು ಎತ್ತಿಕೊಂಡು ಓಡಿ, ಮತ್ತೆ ಹತ್ತಬೇಕು. ಕಡಿದಾದ ದಿಬ್ಬ ಬಂದರೆ ಸೈಕಲ್ ಹೆಗಲ ಮೇಲೆ. ದೊಡ್ಡ ಪಂದ್ಯಗಳಲ್ಲಿ ಗಂಡಸರು ಸುಮಾರು ಒಂದು ತಾಸು ಹೀಗೇ ಸುತ್ತುತ್ತಾರೆ.

ಇದನ್ನು ಮೊದಲ ಸಲ ಮೊಬೈಲಿನಲ್ಲಿ ನೋಡಿದಾಗ ನಮಗೆ ನೆನಪಾದದ್ದು ಎಂಟನೇ ತರಗತಿಯ ಸರ್ಕಾರಿ ಸೈಕಲ್. ಮಳೆಗಾಲದಲ್ಲಿ ಎರಿಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ಕೂತರೆ ಗಾಲಿ ತಿರುಗುತ್ತಲೇ ಇರಲಿಲ್ಲ. ಕಡ್ಡಿಯಿಂದ ಕೆರೆದು, ಸೈಕಲ್ ಹೆಗಲ ಮೇಲೆ ಹೊತ್ತು ಹಳ್ಳ ದಾಟಿ ಶಾಲೆ ಸೇರುತ್ತಿದ್ದೆವು. ಅಲ್ಲಿ ಇದಕ್ಕೆ ಪದಕ ಕೊಡುತ್ತಾರೆ. ನಮಗೆ ತಡವಾಗಿ ಬಂದದ್ದಕ್ಕೆ ಬೈಗುಳ ಸಿಗುತ್ತಿತ್ತು.

ರಾಡಿಯೇ ಏಕೆ? ಮುಖ್ಯ ಕಾರಣ ಜೀವದ ಪ್ರಶ್ನೆ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳು ಹೇಗಿರುತ್ತವೆ ಎಂದು ನಿಮಗೆ ಹೇಳಬೇಕಾಗಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಹಿಂದೆ ರಿಫ್ಲೆಕ್ಟರ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅಂಥ ರಸ್ತೆಯಲ್ಲಿ ನಸುಕಿನಲ್ಲಿ ಸೈಕಲ್ ತಾಲೀಮು ಮಾಡು ಎಂದು ಯಾವ ತಾಯಿ ಮಗನನ್ನು ಕಳಿಸುತ್ತಾಳೆ? ಮಗಳನ್ನಂತೂ ಕಳಿಸುವುದೇ ಇಲ್ಲ. ಹೊಲದಲ್ಲಿ ಬಿದ್ದರೆ ಮೊಣಕಾಲು ಕೆತ್ತೀತು, ಹಿಂದಿನಿಂದ ಟ್ರೇಲರ್ ಬರುವುದಿಲ್ಲ.

ಪ್ರತಿಭೆಯ ಕೊರತೆಯೂ ಇಲ್ಲ. ಪಕ್ಕದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕ್ಲಿಂಗ್‌ಗೆ ದೇಶದಲ್ಲೇ ಹೆಸರಾಗಿವೆ. ನಮ್ಮ ಜಿಲ್ಲೆಯಲ್ಲೇ ಚಂದರಗಿಯ ಕ್ರೀಡಾ ಶಾಲೆ ಇದೆ. ಶಾಲೆ ಮುಗಿಸಿದ ಹುಡುಗ ಊರಿನ ಕಾಲೇಜು ಸೇರಿದ ಮೇಲೂ ಅವನ ಸೈಕಲ್ ನಿಲ್ಲಬಾರದು. ಅದಕ್ಕೆ ಕಾಲೇಜಿನ ತಂಡ ಬೇಕು.

ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟ ಏಕೆ ಎಂದು ಕೆಲವರು ಕೇಳುತ್ತಾರೆ. ನಿಜ, ಸೈಕ್ಲೋಕ್ರಾಸ್ ಅಲ್ಲಿ ಇಲ್ಲ. ಆದರೆ ಗುಡ್ಡಗಾಡಿನ ಮೌಂಟೇನ್ ಬೈಕ್ ಓಟ 1996ರಿಂದ ಇದೆ, ನಮ್ಮ ದೇಶದಲ್ಲಿ ಅದರ ರಾಷ್ಟ್ರೀಯ ಸ್ಪರ್ಧೆಯೂ ನಡೆಯುತ್ತದೆ. ರಾಡಿಯಲ್ಲಿ ತೋಲ ಹಿಡಿಯಲು ಕಲಿತವರಿಗೆ ಆ ದಾರಿ ಹತ್ತಿರ.

ಸೈಕಲ್ ದುಬಾರಿ ಎಂಬ ಮಾತೂ ಸುಳ್ಳಲ್ಲ. ಈ ಆಟಕ್ಕೇ ಮಾಡಿದ ಸೈಕಲ್ ಬಡವರ ಕೈಗೆ ಸಿಗುವಂಥದ್ದಲ್ಲ. ಆದರೆ ಮೊದಲ ವರ್ಷ ಮನೆಯಲ್ಲಿರುವ ಸೈಕಲ್ ಸಾಕು. ಮಡ್‌ಗಾರ್ಡ್, ಕ್ಯಾರಿಯರ್ ಬಿಚ್ಚಿ, ಬ್ರೇಕ್ ಸರಿ ಮಾಡಿಸಿ. ಹೆಲ್ಮೆಟ್ ಮಾತ್ರ ಬಿಡಬೇಡಿ.

ಹೊಲ ತುಳಿದರೆ ಮಣ್ಣು ಗಟ್ಟಿಯಾಗುತ್ತದೆ ಎಂಬ ರೈತರ ಮಾತನ್ನು ನಾವು ಒಪ್ಪುತ್ತೇವೆ. ಅದಕ್ಕೇ ಕಬ್ಬು ಕಟಾವಾಗಿ, ಕೂಳೆ ಬಿಡದೆ ನೇಗಿಲು ಹೊಡೆಯಲಿರುವ ಹೊಲವನ್ನೇ ಕೇಳಬೇಕು. ರವದಿ ಸರಿಸಿ, ದಾರಿಗೆ ಒಂದಿಷ್ಟು ನೀರು ಬಿಟ್ಟರೆ ಅಂಕಣ ಸಿದ್ಧ. ಹೊಲದ ಒಡ್ಡೇ ದಿಬ್ಬ. ಯುರೋಪಿನಲ್ಲಿ ಈ ಆಟ ಸೆಪ್ಟೆಂಬರಿನಿಂದ ಫೆಬ್ರುವರಿವರೆಗೆ ನಡೆಯುತ್ತದೆ, ನಮ್ಮ ಕಟಾವೂ ಹೆಚ್ಚುಕಡಿಮೆ ಆಗಲೇ.

ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇವೆ. ಹುಡುಗಿಯರ ಓಟ ಮೊದಲ ವರ್ಷದಿಂದಲೇ ಇರಬೇಕು, ಬಹುಮಾನವೂ ಸಮ ಇರಬೇಕು. ಹೈಸ್ಕೂಲಿನವರೆಗೆ ಸೈಕಲ್ ತುಳಿದ ಎಷ್ಟೋ ಹುಡುಗಿಯರು ಕಾಲೇಜಿಗೆ ಬಂದ ಮೇಲೆ ಅದನ್ನು ಗೋಡೆಗೆ ಒರಗಿಸುತ್ತಾರೆ. ಸರ್ಕಾರ 2006-07ರಲ್ಲಿ ಶುರು ಮಾಡಿದ ಸೈಕಲ್ ಯೋಜನೆ ಕೊರೋನಾ ಕಾಲದಲ್ಲಿ ನಿಂತ ಮೇಲೆ ಹಲವರ ಮನೆಯಲ್ಲಿ ಒರಗಿಸಲೂ ಸೈಕಲ್ ಇಲ್ಲ. ಆ ಯೋಜನೆ ಮತ್ತೆ ಬೇಕು ಎನ್ನಲು ಈ ಆಟವೂ ಒಂದು ಕಾರಣ.

ದೈಹಿಕ ಶಿಕ್ಷಣದ ಸರ್‌ಗಳೇ, ಮೇಡಂಗಳೇ, ಜಾತ್ರಾ ಕಮಿಟಿಯ ಹಿರಿಯರೇ, ಈ ಹಂಗಾಮಿನಲ್ಲಿ ಒಂದು ಹೊಲ, ಒಂದು ಭಾನುವಾರ, ಒಂದು ಆಂಬುಲೆನ್ಸ್ ಗೊತ್ತು ಮಾಡಿ. ಹಗ್ಗ ಕಟ್ಟಲು, ಸುತ್ತು ಎಣಿಸಲು, ಬರೆಯಲು ನಾವು ಬರುತ್ತೇವೆ.