ಸೀನಿಯರ್ ರೆಕಾರ್ಡಿನ ನುಣ್ಣನೆ ಗ್ರಾಫು

‘ಎರಡು ಲೂಪ್ ಇದ್ರೆ ಎನ್ ಸ್ಕ್ವೇರ್, ಮೂರಿದ್ರೆ ಎನ್ ಕ್ಯೂಬ್.’ ನಮ್ಮ ಇಂಜಿನಿಯರಿಂಗ್ ತರಗತಿಗಳಲ್ಲಿ ಇದೊಂದು ಮಗ್ಗಿ. ಬಾಯಿಪಾಠ ಮಾಡಿದವರಿಗೆ ಮಾರ್ಕ್ಸು, ಓಡಿಸಿ ನೋಡಿದವರಿಗೆ ಬೈಗುಳ.

ಬೈಸಿಕೊಂಡವರಲ್ಲಿ ನಾನೂ ಒಬ್ಬ. ಲ್ಯಾಬಿನಲ್ಲಿ ಒಂದರೊಳಗೊಂದು ಲೂಪ್ ಬರೆದು, ಎನ್ ಹೆಚ್ಚಿಸುತ್ತಾ ಸಮಯ ಅಳೆದು ಗ್ರಾಫ್ ಹಾಕಬೇಕಿತ್ತು. ನನಗೆ ಮೊದಮೊದಲು ಬರೀ ಸೊನ್ನೆ, ಆಮೇಲೆ ಅಂಕುಡೊಂಕು. ‘ಹೀಗೆಲ್ಲ ಬರಲ್ಲ ಕಣಯ್ಯ, ಸೀನಿಯರ್ ರೆಕಾರ್ಡ್ ನೋಡಿ ಹಾಕು’ ಅಂದರು. ಹಾಕಿದೆ. ಪೂರ್ತಿ ಮಾರ್ಕ್ಸ್ ಬಂತು.

ಪಾಠ ಇದ್ದದ್ದು ಆ ಸೊನ್ನೆಯಲ್ಲೇ! ಎನ್ 100 ಇದ್ದರೆ ಬರೀ 10 ಸಾವಿರ ಸುತ್ತು. ಗಡಿಯಾರ ಅಲುಗುವ ಮೊದಲೇ ಕೆಲಸ ಮುಗಿದಿರುತ್ತದೆ. ಲೂಪಿನೊಳಗಿನ ಲೆಕ್ಕವನ್ನು ಮುಂದೆ ಯಾರೂ ಬಳಸದಿದ್ದರೆ ಕಂಪೈಲರ್ ಲೂಪನ್ನೇ ಕಿತ್ತೆಸೆಯಬಹುದು. ಇದನ್ನು ಹೇಳಿಕೊಡಬೇಕಾದವರು ನಕಲು ಹೇಳಿಕೊಟ್ಟರು.

ಅಳೆಯೋದೇನು ಬ್ರಹ್ಮವಿದ್ಯೆಯಲ್ಲ. ಎನ್ ಅನ್ನು ಡಬಲ್ ಮಾಡುತ್ತಾ ಹೋಗಿ. ಪ್ರತಿ ಸಲ ಸಮಯ ಸುಮಾರು 4 ಪಟ್ಟಾದರೆ ಎನ್ ಸ್ಕ್ವೇರ್, 8 ಪಟ್ಟಾದರೆ ಎನ್ ಕ್ಯೂಬ್. ಮೆಷಿನ್ ಬದಲಾದರೆ ಸೆಕೆಂಡು ಬದಲಾಗುತ್ತೆ, ನಿಜ. ಪಟ್ಟು ಅಷ್ಟಾಗಿ ಬದಲಾಗಲ್ಲ.

ಮಗ್ಗಿ ಪಂಡಿತರಿಗೆ ಒಂದು ಪ್ರಶ್ನೆ. ಹೊರಗಿನ ಲೂಪಿನಲ್ಲಿ ಐ 1ರಿಂದ 1 ಲಕ್ಷದವರೆಗೆ ಹೋಗುತ್ತದೆ. ಒಳಗಿನದು ಐ, ಅದರ ಎರಡರಷ್ಟು, ಮೂರರಷ್ಟು ಅಂತ ಹಾರುತ್ತಾ 1 ಲಕ್ಷ ಮುಟ್ಟುತ್ತದೆ. ಲೂಪ್ ಎರಡೇ. ನಿಮ್ಮ ಮಗ್ಗಿಯ ಪ್ರಕಾರ 1,000 ಕೋಟಿ ಸುತ್ತು. ಎಣಿಸಿ ನೋಡಿ, 12 ಲಕ್ಷವೂ ಆಗಲ್ಲ. ಇದು ಎನ್ ಲಾಗ್ ಎನ್.

ಹಾಗಂತ ಎಣಿಕೆಯೊಂದೇ ಸಾಲದು. ಸಿ ಭಾಷೆಯಲ್ಲಿ ದೊಡ್ಡ ಮ್ಯಾಟ್ರಿಕ್ಸನ್ನು ಅಡ್ಡಸಾಲಿನಲ್ಲಿ ಕೂಡಿಸಿ, ಆಮೇಲೆ ಕಂಬಸಾಲಿನಲ್ಲಿ ಕೂಡಿಸಿ. ಸುತ್ತು ಅಷ್ಟೇ, ಉತ್ತರವೂ ಅದೇ. ಆದರೆ ಎರಡನೆಯದು ಸಾಮಾನ್ಯವಾಗಿ ತೆವಳುತ್ತದೆ. ಮೆಮೊರಿಯಲ್ಲಿ ಅಡ್ಡಸಾಲು ಒಟ್ಟಿಗೆ ಕೂತಿರುತ್ತದೆ. ಕಂಬಸಾಲು ಹಿಡಿದರೆ ಪ್ರೊಸೆಸರಿನ ಕ್ಯಾಶ್ ಕೈಕೊಡುತ್ತದೆ. ಇದನ್ನು ಹೇಳೋದು ಗಡಿಯಾರ ಮಾತ್ರ.

ಥಿಯರಿ ಬೇಡ ಅಂತಿಲ್ಲ ನಾನು. ಅಳತೆ ಏನನ್ನೂ ಸಾಧಿಸಿ ತೋರಿಸಲ್ಲ, ಸಾಧಿಸೋಕೆ ಗಣಿತವೇ ಬೇಕು. ಆದರೆ ನಾವು ತಪ್ಪಿದಾಗ ಕಿವಿ ಹಿಂಡೋದು ಅಳತೆ. ಹತ್ತು ದಾಖಲೆಯಲ್ಲಿ ಪರೀಕ್ಷಿಸಿದ ಕೋಡು ಲಕ್ಷ ದಾಖಲೆ ಬಂದಾಗ ಮಲಗಿಬಿಡುತ್ತದೆ. ಕೌಂಟರಿನ ಮುಂದೆ ಕ್ಯೂ ನಿಂತವರು ‘ಸರ್ವರ್ ಸ್ಲೋ’ ಅನ್ನೋ ಮಾತು ಕೇಳಿ ವಾಪಸ್ ಹೋಗುತ್ತಾರೆ. ಅದರ ಹಿಂದೆ ಎಷ್ಟೋ ಸಲ ಇರೋದು ಯಾರೂ ಅಳೆಯದ ಲೂಪು.

ಮೇಷ್ಟ್ರೇ, ಮುಂದಿನ ಲ್ಯಾಬಿನಲ್ಲಿ ಅಂಕುಡೊಂಕು ಗ್ರಾಫ್ ತಂದವನನ್ನು ‘ಯಾಕೆ ಹೀಗೆ ಬಂತು?’ ಅಂತ ಕೇಳಿ. ಉತ್ತರ ಹುಡುಕಿ ತಂದರೆ ಮಾರ್ಕ್ಸ್ ಅವನಿಗೆ ಕೊಡಿ.