ಚಿತ್ರ ತೊಳಿಬ್ಯಾಡ್ರಿ, ಕ್ಯಾಮೆರಾ ತೊಳೀರಿ

ಮಾಗಡಿ ಕೆರಿಗೆ ಹಕ್ಕಿ ಬರೋ ಕಾಲ, ನಮ್ಮ ಹೊಲದಾಗ ಧೂಳು ಏಳೋ ಕಾಲ ಎರಡೂ ಒಂದ ನೋಡ್ರಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಈ ಕೆರೆಯಲ್ಲಿ ತಂಗತಾವ. ಅದೇ ಹೊತ್ತಿಗೆ ಹಿಂಗಾರಿ ಕಡ್ಲಿ ಒಣಗಿ ರಾಶಿ ಮಷಿನ್ ಹೊಲಕ್ಕ ಇಳಿತಾವ, ಹೊಟ್ಟು ಹಾರತೈತಿ. ಆ ಗಾಳಿಯೊಳಗ ನಿಂತು ಲೆನ್ಸ್ ಬದಲಿಸಿದ್ರ ಕ್ಯಾಮೆರಾದೊಳಗ ಎರಿ ಮಣ್ಣು ಹೋಗದ ಇರತೈತೇನು?

ಈಗ ಎಲ್ಲಾರೂ ಹೇಳೋ ಮಾತು ಒಂದ: "ಹೋಗ್ಲಿ ಬಿಡ್ರಿ, ಕಂಪ್ಯೂಟರಿನಾಗ ಚುಕ್ಕಿ ಅಳಿಸಿದ್ರಾಯ್ತು." ನಾನು ಒಪ್ಪೂದಿಲ್ಲ. ಧೂಳು ಎಲ್ಲಿ ಕುಂತೈತಿ ಅಲ್ಲೇ ತೆಗಿಬೇಕು. ಅದರಾಗೂ ಹಕ್ಕಿ ಎಣಿಸಾಕ, ಬೆಳಿ ನಷ್ಟ ತೋರಿಸಾಕ ತೆಗೆದ ಚಿತ್ರದಾಗ ಏನನ್ನೂ ಅಳಿಸಬಾರದು.

ಯಾಕ ಅಂದ್ರ, ದೂರದ ಹಕ್ಕಿನೂ ಚಿತ್ರದಾಗ ಒಂದು ಚುಕ್ಕಿನ. ತಾನಾಗಿ ಚುಕ್ಕಿ ಹುಡುಕಿ ಅಳಿಸೋ ಸಾಫ್ಟ್‌ವೇರಿಗೆ ಹಕ್ಕಿ ಯಾವುದು, ಧೂಳು ಯಾವುದು ಅನ್ನೋ ಗ್ಯಾರಂಟಿ ಇಲ್ಲ. ಮಾಗಡಿ ಕೆರೆ ಸುಮಾರು 50 ಹೆಕ್ಟೇರಿನದು, ನೀರಾವರಿಗೆ ಅಂತ ಮನುಷ್ಯರು ಕಟ್ಟಿದ್ದು. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಇಲ್ಲಿಯ ಹಕ್ಕಿ ಲೆಕ್ಕಕ್ಕ ಈಗ ಹೊರಗಿನವರೂ ಕಿವಿಗೊಡತಾರ. ಇನ್ನೊಂದು ಕಡೆ, ಇದೇ ಹೆಬ್ಬಾತುಗಳು ಸುತ್ತಲಿನ ಹೊಲಕ್ಕ ಮೇಯಾಕ ಇಳಿತಾವ. "ಇಷ್ಟು ಹಕ್ಕಿ ಇಳಿದ್ವು ಸಾಹೇಬ್ರ" ಅಂತ ರೈತ ಚಿತ್ರ ತೋರಿಸಿದಾಗ, ಅದರಾಗ ಒಂದು ಕಡೆ ತಿದ್ದಿದ ಗುರುತು ಕಂಡ್ರ ಮುಗೀತು, ಇಡೀ ಚಿತ್ರಾನ ಸುಳ್ಳು ಅಂತಾರ. ಧೂಳಿನ ಚುಕ್ಕಿ ಇದ್ದ ಚಿತ್ರ ಚಂದ ಇರಲಿಕ್ಕಿಲ್ಲ, ಆದ್ರ ಸಾಕ್ಷಿಯಾಗಿ ಉಳಿತೈತಿ.

ಧೂಳೋ ಹಕ್ಕಿಯೋ ತಿಳಿಯೋದು ಹೆಂಗ? ಬೆನ್ನಿಗೆ ಬೆನ್ನು ತೆಗೆದ ಎರಡು ಚಿತ್ರ ಹೋಲಿಸಿ ನೋಡ್ರಿ. ಹಕ್ಕಿ ಜಾಗ ಬಿಡತೈತಿ, ಧೂಳು ಬಿಡೂದಿಲ್ಲ. ಗುಂಡಗೆ ಮಸುಕಾಗಿದ್ರ ಮಣ್ಣಿನ ಕಣ, ಎಳಿ ಹಂಗ ಡೊಂಕಾಗಿದ್ರ ನೂಲು. ಬೆಟಗೇರಿ ಮಗ್ಗದ ಮನಿಯೊಳಗ ಲೆನ್ಸ್ ತೆಗೆದವರಿಗೆ ಎರಡನೇದು ಗೊತ್ತಾಗತೈತಿ.

"ನಿನ್ನೆ ಹಕ್ಕಿ ಚಿತ್ರ ಸ್ವಚ್ಛ ಇತ್ತು, ಇವತ್ತು ಕಪ್ಪತಗುಡ್ಡದ ಗಾಳಿಯಂತ್ರ ತೆಗೆದ್ರ ಆಕಾಶದ ತುಂಬ ಚುಕ್ಕಿ" ಅಂತ ಕೇಳೋರು ಭಾಳ ಮಂದಿ. ಧೂಳು ನಿನ್ನೆನೂ ಇತ್ತು. ಬಿಸಿಲಿನಾಗ ಸಣ್ಣ ಟೊಂಗಿಗೂ ನೆರಳು ಬೀಳತೈತಿ, ಮೋಡ ಮುಚ್ಚಿದ ದಿನ ಬೀಳೂದಿಲ್ಲ, ಹೌದಲ್ಲ? ಇದೂ ಹಂಗ. ಹಕ್ಕಿಗೆ ಎಫ್ 5.6 ಇಟ್ಟಾಗ ಬೆಳಕು ಅಗಲವಾದ ಕಿಂಡಿಯಿಂದ ಬಂದು ಕಣದ ನೆರಳನ್ನ ಕರಗಿಸತೈತಿ. ಗುಡ್ಡಕ್ಕ ಎಫ್ 16 ಇಟ್ಟಾಗ ಕಿಂಡಿ ಸಣ್ಣದಾಗಿ ನೆರಳು ಗಟ್ಟಿ ಬೀಳತೈತಿ. ಹಂಗಾಗಿ ಪರೀಕ್ಷೆನೂ ಸುಲಭ: ಎಫ್ 16 ಇಟ್ಟು, ಫೋಕಸ್ ಕೆಡಿಸಿ, ಬರೇ ಆಕಾಶದ ಒಂದು ಚಿತ್ರ ತಗೀರಿ. ಚಿತ್ರದ ಮೇಲ್ಭಾಗದಾಗ ಚುಕ್ಕಿ ಇದ್ರ, ಕಣ ಸೆನ್ಸರಿನ ಕೆಳಭಾಗದಾಗ ಇರತೈತಿ, ಯಾಕಂದ್ರ ಲೆನ್ಸ್ ಬಿಂಬವನ್ನ ತಲೆಕೆಳಗು ಮಾಡತೈತಿ.

"ಸೆನ್ಸರ್ ಮುಟ್ಟಿದ್ರ ಕ್ಯಾಮೆರಾ ಹೋತು" ಅಂತ ಹೆದರಸೋರೂ ಅದಾರ. ಹೆದರಿಕಿ ಅರ್ಧ ಖರೆ. ಧೂಳು ಕೂಡೋದು ಸೆನ್ಸರಿನ ಮ್ಯಾಲಲ್ಲ, ಅದರ ಮುಂದಿನ ಗಾಜಿನ ಫಿಲ್ಟರ್ ಮ್ಯಾಲೆ. ಆ ಗಾಜಿಗೂ ಗೀರು ಬೀಳತೈತಿ, ಅದಕ್ಕ ಮುಟ್ಟದ ಮಾಡೋ ಕೆಲಸ ಮೊದಲು. ಕ್ಯಾಮೆರಾದಾಗಿನ ಸ್ವಯಂ ಶುದ್ಧಿ ಚಾಲೂ ಮಾಡ್ರಿ. 2003ರ ಒಲಿಂಪಸ್ ಇ-1 ಕಾಲದಿಂದ ಈ ಅಲುಗಾಡಿಸಿ ಉದುರಿಸೋ ವ್ಯವಸ್ಥಾ ಐತಿ. ಅದಕ್ಕ ಬಗ್ಗದಿದ್ರ, ಬ್ಯಾಟರಿ ಪೂರ್ತಿ ತುಂಬಿ, ಮೆನುವಿನಾಗ ಸೆನ್ಸರ್ ಕ್ಲೀನಿಂಗ್ ಆರಿಸಿ, ಕ್ಯಾಮೆರಾದ ಬಾಯಿ ಕೆಳಗ ಮಾಡಿ ರಬ್ಬರ್ ಬ್ಲೋವರಿನಿಂದ ಗಾಳಿ ಊದ್ರಿ. ಮೂತಿ ಒಳಗ ತಗಲಬಾರದು. ಡಿಎಸ್‌ಎಲ್‌ಆರ್‌ನಾಗ ನಡುವ ಬ್ಯಾಟರಿ ಸತ್ರ ಶಟರ್ ಮುಚ್ಚತೈತಿ, ಕನ್ನಡಿ ಕೆಳಗ ಬೀಳತೈತಿ, ನೆನಪಿರಲಿ. ಒಣ ಧೂಳು ಬಹುತೇಕ ಇಷ್ಟಕ್ಕ ಹೋಗತೈತಿ.

ಬಾಯಿಲೆ ಊದಬ್ಯಾಡ್ರಿ, ಉಗುಳು ಬೀಳತೈತಿ. ಪಂಚರ್ ಅಂಗಡಿ ಕಂಪ್ರೆಸರ್ ಅಂತೂ ಬ್ಯಾಡೇ ಬ್ಯಾಡ, ಅದರ ಗಾಳಿಯೊಳಗ ಎಣ್ಣಿ, ನೀರು ಎರಡೂ ಇರತಾವ. ಧೋತರದ ಚುಂಗಿನಿಂದ ಒರೆಸೋದೂ ಅಷ್ಟ.

ಎರಿ ಮಣ್ಣಿನ ಗುಣ ನಮಗ ಹೊಸದಲ್ಲ. ಒಣಗಿದ್ರ ಹಾರತೈತಿ, ಹಸಿಯಾದ್ರ ಅಂಟತೈತಿ. ಅದರ ಜಿಗಟು ಕಣ 2 ಮೈಕ್ರಾನಿಗಿಂತ ಸಣ್ಣದು. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಸೆನ್ಸರಿನಾಗ ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್. ಅಂದ್ರ ಒಂಟಿ ಕಣ ಕಾಣೂದಿಲ್ಲ, ಅಂಟಿಕೊಂಡ ಹೆಂಟಿ ಕಾಣತೈತಿ. ಊದಿದ್ರೂ ಬಿಡದ ಅಂಥ ಕಲಿಗೆ ಸೆನ್ಸರಿನ ಅಳತೆಯ ಸ್ವಾಬ್ ಮತ್ತ ಅದರದೇ ದ್ರಾವಣ ಬೇಕು. ಒಂದು ಸ್ವಾಬ್, ಒಂದ ಸಲ. ಮೊದಲು ಊದದ ಒರೆಸಿದ್ರ ಮರಳಿನ ಕಣ ಗಾಜಿನ ಮ್ಯಾಲೆ ಕುಂಟಿ ಹೊಡೆದಂಗ ಆಗತೈತಿ. ಕೈ ನಡುಗೋರು ಈ ಹಂತ ತಿಳಿದವರಿಗೆ ಬಿಟ್ಟುಬಿಡ್ರಿ, ಅದರಾಗ ನಾಚಿಕಿ ಏನಿಲ್ಲ.

ಲಕ್ಷ್ಮೇಶ್ವರ, ಮುಂಡರಗಿ ಕಡೆ ಹುಡುಗರು ಈಗ ಒಳ್ಳೆ ಕ್ಯಾಮೆರಾ ಹಿಡಿದಾರ. 2019ರಿಂದ ವನ್ಯಜೀವಿ ಧಾಮ ಆಗಿರೋ ಕಪ್ಪತಗುಡ್ಡದ ದಾಖಲೆ ಮಾಡೋರು ಅವರ. ಅವರಿಗೆ ನನ್ನ ಮಾತು ಇಷ್ಟ: ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗ ಹಿಡಿದು ಲೆನ್ಸ್ ಬದಲಿಸ್ರಿ. ರಾಶಿ ನಡೆದ ಹೊಲದ ಹತ್ರ ಬದಲಿಸಲೇಬ್ಯಾಡ್ರಿ. ಹಕ್ಕಿ ಎಣಿಸಾಕ ಹೋಗೋ ಹಿಂದಿನ ರಾತ್ರಿ ಆಕಾಶದ ಬದಲು ಬಿಳಿ ಗೋಡಿಗೆ ಹಿಡಿದು ಒಂದು ಪರೀಕ್ಷಾ ಚಿತ್ರ ತಗದಿಡ್ರಿ. ಎಲ್ಲಾ ಮಾಡಿನೂ ಚುಕ್ಕಿ ಉಳಿದ್ರ, ಉಳಿಲಿ ಬಿಡ್ರಿ. ಮೂಲ ಚಿತ್ರ ಹಂಗ ಇಟ್ಟು, ಪಕ್ಕದಾಗ "ಇಲ್ಲಿ ಧೂಳು ಐತಿ" ಅಂತ ಬರೀರಿ.