ಅಣೆಕಟ್ಟು ಕಟ್ಟಿದವರು ಹೊಲ ಕಾಯಬಲ್ಲರೇ?

ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿಯ ನವಿಲುತೀರ್ಥದಲ್ಲಿ ಒಮ್ಮೆ ತಡೆಗೊಂಡು, ಬಾದಾಮಿ ಸೀಮೆಯ ಪಟ್ಟದಕಲ್ಲನ್ನು ಬಳಸಿ, ಐಹೊಳೆಯನ್ನು ದಾಟಿ, ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನವಿಲುತೀರ್ಥದ ಜಲಾಶಯ ಕರ್ನಾಟಕ ನೀರಾವರಿ ನಿಗಮದ ಅಧೀನದಲ್ಲಿದೆ. ಕೂಡಲಸಂಗಮದವರೆಗೆ ಚಾಚಿರುವ ನಾರಾಯಣಪುರದ ಹಿನ್ನೀರು ಕೃಷ್ಣಾ ಭಾಗ್ಯ ಜಲ ನಿಗಮದ್ದು. ಸಹ್ಯಾದ್ರಿಯ ಮಳೆಯನ್ನೇ ನಂಬಿದ ಒಂದು ಹೊಳೆಗೆ ಹೀಗೆ ಇಬ್ಬರು ಯಜಮಾನರು. ಬೆಟ್ಟದ ಮೇಲಿನ ಕಾಡು ಉಳಿಯಬೇಕೆಂದು ಹೋರಾಡುವವರು ಬಯಲಿಗಿಳಿದ ನೀರು ಯಾರ ಕೈಸೇರುತ್ತದೆ, ಆ ಕೈಗಳು ಯಾವ ವಿದ್ಯೆಯಲ್ಲಿ ಪಳಗಿದವು ಎಂಬುದನ್ನೂ ವಿಚಾರಿಸಬೇಕಾಗುತ್ತದೆ.

ಕೃಷ್ಣಾ ಭಾಗ್ಯ ಜಲ ನಿಗಮದ ಜನ್ಮವೃತ್ತಾಂತವನ್ನು ಅರಿಯದೆ ಅದರ ಸ್ವಭಾವ ಅರ್ಥವಾಗದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಶಂಕುಸ್ಥಾಪನೆ ಮಾಡಿದ ಮೇಲೆ ಮೂರು ದಶಕಗಳ ಕಾಲ ಕೃಷ್ಣಾ ಮೇಲ್ದಂಡೆ ಯೋಜನೆ ತೆವಳುತ್ತಲೇ ಇತ್ತು. ಬಚಾವತ್ ನ್ಯಾಯಮಂಡಳಿಯ ತೀರ್ಪನ್ನು 2000ದ ಮೇ 31ರ ನಂತರ ಮರುಪರಿಶೀಲಿಸಬಹುದಾಗಿದ್ದುದರಿಂದ, ಅಷ್ಟರೊಳಗೆ ಪಾಲಿನ ನೀರನ್ನು ಹಿಡಿದಿಡುವ ಧಾವಂತ ರಾಜ್ಯಕ್ಕಿತ್ತು. ಬೊಕ್ಕಸದಲ್ಲಿ ಹಣವಿರಲಿಲ್ಲ. ಮಾರುಕಟ್ಟೆಯಲ್ಲಿ ಬಾಂಡುಗಳನ್ನು ಮಾರಿ ಹಣ ತರಬಲ್ಲ ಒಂದು ಸರ್ಕಾರಿ ಕಂಪನಿಯಾಗಿ 1994ರಲ್ಲಿ ನಿಗಮ ಹುಟ್ಟಿತು. ಮುಖ್ಯಮಂತ್ರಿಗಳೇ ಅದರ ಅಧ್ಯಕ್ಷರು. ವ್ಯವಸ್ಥಾಪಕ ನಿರ್ದೇಶಕರ ಸ್ಥಾನದಲ್ಲಿ ಒಮ್ಮೆ ಐ.ಎ.ಎಸ್. ಅಧಿಕಾರಿ, ಒಮ್ಮೆ ಹಿರಿಯ ಅಭಿಯಂತರ. ಅವರ ಕೆಳಗೆ ಮುಖ್ಯ ಅಭಿಯಂತರರಿಂದ ಹಿಡಿದು ಉಪವಿಭಾಗದ ಕಿರಿಯ ಅಭಿಯಂತರರವರೆಗೆ ನೀರಾವರಿ ಇಲಾಖೆಯಿಂದ ನಿಯೋಜನೆಯ ಮೇಲೆ ಬಂದವರ ಸಾಲು. ಬಹುಪಾಲು ಸಿವಿಲ್ ಎಂಜಿನಿಯರಿಂಗ್ ಪದವೀಧರರು. ಕಾಂಕ್ರೀಟು, ಟೆಂಡರು, ಬಿಲ್ಲು ಇವುಗಳಲ್ಲಿ ನುರಿತವರು.

ಅಂದಿನ ಮಟ್ಟಿಗೆ ಇದರಲ್ಲಿ ತಪ್ಪೇನೂ ಇರಲಿಲ್ಲ. ಗಡುವಿನೊಡನೆ ಓಟಕ್ಕೆ ಬಿದ್ದ ಕೆಲಸಕ್ಕೆ ಕಟ್ಟುವವರೇ ಬೇಕು. 26 ಗೇಟುಗಳ, 123 ಟಿ.ಎಂ.ಸಿ. ನೀರು ಹಿಡಿಯುವ ಆಲಮಟ್ಟಿಯನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದಾಗ ಆ ಅಭಿಯಂತರರು ಹೆಮ್ಮೆಪಟ್ಟದ್ದು ನ್ಯಾಯವೇ ಆಗಿತ್ತು. ಆದರೆ ಅಣೆಕಟ್ಟು ಮುಗಿದ ಮೇಲೂ ಸಂಸ್ಥೆಯ ಸಿಬ್ಬಂದಿಯ ಸ್ವರೂಪ ಬದಲಾಗಲಿಲ್ಲ. ನೀರು ಕಾಲುವೆಗೆ ಇಳಿದ ಕ್ಷಣದಿಂದ ಅದು ಮಣ್ಣಿನ ವಿಷಯ, ಬೆಳೆಯ ವಿಷಯ, ಮೇಲ್ಭಾಗದ ರೈತನಿಗೂ ತುದಿಯ ರೈತನಿಗೂ ನಡುವಿನ ಜಗಳದ ವಿಷಯ. ಈ ಮೂರನ್ನೂ ಬಲ್ಲವರು ನಿಗಮದ ನಿರ್ಣಾಯಕ ಸ್ಥಾನಗಳಲ್ಲಿ ಎಷ್ಟು ಮಂದಿ?

ಕಟ್ಟುವವರ ಕೈಗೇ ಜನರನ್ನು ಎಬ್ಬಿಸಿ ನೆಲೆಗೊಳಿಸುವ ಕೆಲಸವನ್ನೂ ಕೊಟ್ಟರೆ ಏನಾಗುತ್ತದೆಂಬುದನ್ನು ಈ ಯೋಜನೆಯ ಚರಿತ್ರೆಯೇ ಹೇಳುತ್ತದೆ. ಪುನರ್ವಸತಿ ತೃಪ್ತಿಕರವಾಗಿಲ್ಲವೆಂಬ ಕಾರಣಕ್ಕೆ ವಿಶ್ವಬ್ಯಾಂಕ್ 1992ರಲ್ಲಿ ಒಮ್ಮೆ, 1995ರಲ್ಲಿ ಮತ್ತೊಮ್ಮೆ ತನ್ನ ಸಾಲದ ಬಿಡುಗಡೆಯನ್ನು ತಡೆಹಿಡಿಯಿತು. ಹಿನ್ನೀರು ಬರುವ ದಿನಾಂಕ ಅಭಿಯಂತರರ ಬಳಿ ಖಚಿತವಾಗಿತ್ತು. ಮನೆ ಬಿಡುವವರಿಗೆ ಹಕ್ಕುಪತ್ರ ಸಿಗುವ ದಿನಾಂಕ ಯಾರ ಬಳಿಯೂ ಇರಲಿಲ್ಲ. ಸಂತ್ರಸ್ತರ ನಡುವೆ ಕೆಲಸಮಾಡಿದ ಮೈರಾಡದಂಥ ಸಂಸ್ಥೆಗಳು ಈ ಅಂತರವನ್ನು ಎತ್ತಿ ತೋರಿಸಬೇಕಾಯಿತು. ಬಾಗಲಕೋಟೆಯಲ್ಲಿ ಪುನರ್ವಸತಿಗೆಂದೇ ಆಯುಕ್ತರ ಹುದ್ದೆಯಿದ್ದು, ಅದಕ್ಕೆ ಸಮರ್ಥರು ಬಂದಾಗ ಚಿತ್ರ ಬದಲಾದದ್ದೂ ಉಂಟು. ಆಯುಕ್ತರಾಗಿದ್ದ ಡಾ. ಎಸ್.ಎಂ. ಜಾಮದಾರ ಅವರನ್ನು ಈ ಸೀಮೆಯ ಜನ ಇಂದಿಗೂ ನೆನೆಯುತ್ತಾರೆ. ಆದರೆ ಒಬ್ಬ ದಕ್ಷ ಅಧಿಕಾರಿಯ ವರ್ಗಾವಣೆಯೊಂದಿಗೆ ಅವರ ಅನುಭವವೂ ಹೊರಟುಹೋಗುವುದಾದರೆ, ಅದನ್ನು ಸಂಸ್ಥೆಯ ಸಾಮರ್ಥ್ಯವೆನ್ನಲಾದೀತೆ? ಶರಾವತಿಯ ಮುಳುಗಡೆಯವರ ಭೂಮಿಯ ಹಕ್ಕಿನ ಕಡತಗಳು ದಶಕಗಳುದ್ದಕ್ಕೂ ಮೇಜಿನಿಂದ ಮೇಜಿಗೆ ಅಲೆದುದನ್ನು ಕಂಡ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮಣ್ಣಿನ ಮಾತು. ಬಾಗಲಕೋಟೆ, ಹುನಗುಂದಗಳ ಎರೆ ಭೂಮಿ ವಿಚಿತ್ರ ಸ್ವಭಾವದ್ದು. ಅದರ ಜೇಡಿ ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಬಿರಿಯುತ್ತದೆ. ಒಮ್ಮೆ ತೋಯ್ದ ಎರೆಯಲ್ಲಿ ನೀರು ಕೆಳಗಿಳಿಯುವುದು ಬಲು ನಿಧಾನ. ವಾರ್ಷಿಕ ಸರಾಸರಿ ಮಳೆ 600 ಮಿ.ಮೀ. ಕೂಡ ಇಲ್ಲದ ಈ ಸೀಮೆಯಲ್ಲಿ ಆ ಗುಣವೇ ವರ. ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಂಡು ಹಿಂಗಾರಿ ಜೋಳ, ಕಡಲೆ, ಕುಸುಬೆಗಳನ್ನು ಬೆಳೆಸಿದ್ದು ಅದೇ ಎರೆ. ಹುನಗುಂದದ ಹಿರಿಯ ಬೇಸಾಯಗಾರರು ಹೊಲಕ್ಕೆ ಒಡ್ಡು ಹಾಕಿ, ಹೆಚ್ಚಾದ ನೀರು ಮಣ್ಣನ್ನು ಕೊಚ್ಚದಂತೆ ಕಲ್ಲಿನ ಕೋಡಿ ಕಟ್ಟಿದ್ದು ಈ ತಿಳಿವಿನಿಂದಲೇ. ಕಾಲುವೆಯ ನೀರು ಮಿತಿಮೀರಿ ಬಂದಾಗ ಅದೇ ಗುಣ ಶಾಪವಾಗುತ್ತದೆ. ಅಂತರ್ಜಲ ಮೇಲೇರಿ ತನ್ನೊಡನೆ ಲವಣವನ್ನೂ ಎತ್ತಿಕೊಂಡು ಬರುತ್ತದೆ, ಹೊಲ ಸವಳು-ಜವಳಾಗುತ್ತದೆ. ಕೃಷ್ಣಾ ಮೇಲ್ದಂಡೆಯ ವಿನ್ಯಾಸದಲ್ಲಿ ಕಡಿಮೆ ನೀರಿನ ಬೆಳೆಗಳಿಗೇ ಪ್ರಾಶಸ್ತ್ಯವಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ, ಕಬ್ಬುಗಳು ಎದ್ದವು, ತುದಿಗೆ ನೀರು ಸಾಲದಾಯಿತು. ಕಡತಗಳ ಭಾಷೆಯಲ್ಲಿ ಇದಕ್ಕೆ ‘ಬೆಳೆ ಉಲ್ಲಂಘನೆ’ ಎಂದು ಹೆಸರು. ಉಲ್ಲಂಘನೆ ಎಂದು ಬರೆಯುವುದು ಸುಲಭ. ಕಬ್ಬಿನ ಬದಲು ಏನು ಬೆಳೆದರೆ ಮನೆ ನಡೆದೀತು ಎಂದು ರೈತನ ಬದುವಿನ ಮೇಲೆ ಕುಳಿತು ಲೆಕ್ಕ ಹಾಕಬಲ್ಲ ಕೃಷಿ ಪದವೀಧರನ ಹುದ್ದೆ ಆ ಉಪವಿಭಾಗದಲ್ಲಿ ಇಲ್ಲ.

ಹುನಗುಂದ ತಾಲ್ಲೂಕಿನ ರಾಮಥಾಳ ಅಥವಾ ಮರೋಳ ಯೋಜನೆ ಇದಕ್ಕಿಂತ ಕಣ್ಣಿಗೆ ಹೊಡೆಯುವ ಉದಾಹರಣೆ. ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿ. ಏಷ್ಯಾದಲ್ಲೇ ದೊಡ್ಡದೆಂಬ ಕೀರ್ತಿ. ಹಿನ್ನೀರನ್ನೆತ್ತಿ, ಶೋಧಿಸಿ, ಕೊಳವೆಯಲ್ಲಿ ಹೊಲಹೊಲಕ್ಕೆ ಮುಟ್ಟಿಸುವ ವ್ಯವಸ್ಥೆಯನ್ನು ನಿಗಮ ಕಂಪನಿಗಳ ಮೂಲಕ ನಿರ್ಮಿಸಿತು. ತಾಂತ್ರಿಕವಾಗಿ ಅದು ಸಣ್ಣ ಸಾಧನೆಯಲ್ಲ. ಆದರೂ ಬಳಕೆ ನಿರೀಕ್ಷೆಗಿಂತ ಬಹಳ ಕೆಳಗೆ ಉಳಿಯಿತೆಂದು ಅಲ್ಲಿ ನಡೆದ ಅಧ್ಯಯನ ಹೇಳಿದೆ. ಹೊಲದಲ್ಲಿ ಎಡೆ ಹೊಡೆಯುವ ರೈತನಿಗೆ ಹನಿಕೊಳವೆ ಕಾಲ್ತೊಡಕು. ಹಿಂಗಾರಿ ಜೋಳಕ್ಕೆ ಅಷ್ಟು ಖಟಾಟೋಪ ಬೇಕಿಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿಗೆ ಬೇಕು, ಆದರೆ ಅವುಗಳ ಬೆಲೆ ನಂಬಿಕೆಯದಲ್ಲ. ಒಂದೇ ಕವಾಟದ ನೀರನ್ನು ಹಲವರು ಹಂಚಿಕೊಳ್ಳಬೇಕಾದಲ್ಲಿ ಸರದಿಯನ್ನು ಯಾರು ನಿಶ್ಚಯಿಸಬೇಕು? ಕೊಳವೆ ಹೂಳುವ ಮೊದಲು ಕೇಳಬೇಕಾಗಿದ್ದ ಈ ಪ್ರಶ್ನೆಗಳು ಟೆಂಡರಿನ ಪುಟಗಳಲ್ಲಿ ಹುಟ್ಟುವಂಥವಲ್ಲ.

ದುರ್ದೈವವೆಂದರೆ, ಇದಕ್ಕೆ ಬೇಕಾದ ಮಾದರಿ ನಾಡಿಗೆ ಹೊಸದಲ್ಲ. ಕನ್ನಂಬಾಡಿಯ ನೀರು ಮಂಡ್ಯಕ್ಕೆ ಹರಿದ ಕಾಲದಲ್ಲಿ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಮಾತಿಗೆ ಆಡಳಿತದಲ್ಲಿ ತೂಕವಿತ್ತು. ಸ್ವತಃ ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತ್ಯದ ನೀರಾ ಕಾಲುವೆಯಲ್ಲಿ ಬೆಳೆಯ ಸರದಿಯನ್ನೇ ಆಧರಿಸಿ ಬ್ಲಾಕ್ ಪದ್ಧತಿಯನ್ನು ರೂಪಿಸಿದವರು. 1980ರ ಕಾಯಿದೆಯಡಿ ಬಂದ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರಗಳಲ್ಲಿ, ಜನರ ಬಾಯಲ್ಲಿ ‘ಕಾಡಾ’ಗಳಲ್ಲಿ, ಕೃಷಿ, ಸಹಕಾರ, ಎಂಜಿನಿಯರಿಂಗ್ ಮೂರೂ ವಿಭಾಗಗಳು ಒಂದೇ ಸೂರಿನಡಿ ಇರಬೇಕೆಂಬುದೇ ಮೂಲ ಕಲ್ಪನೆ. ಆದರೆ ನೀರಿನ ಗೇಟು ನಿಗಮದ ಕೈಯಲ್ಲಿ, ಹೊಲಗಾಲುವೆ ಕಾಡಾದ ಕೈಯಲ್ಲಿ ಎಂದಾದ ಮೇಲೆ ಕೃಷಿಯ ಮಾತು ಕೆಳಮನೆಯ ಮಾತಾಯಿತು. ಧಾರವಾಡದ ವಾಲ್ಮಿಯಂಥ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಗೆ ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಜೇಂದ್ರ ಪೋದ್ದಾರ ಅವರು ನಿರ್ದೇಶಕರಾಗಬಲ್ಲರೆಂದರೆ, ನಿಗಮದ ಉನ್ನತ ಹುದ್ದೆಯೊಂದಕ್ಕೆ ಮಣ್ಣುಶಾಸ್ತ್ರಜ್ಞರು ಬರಲಾಗದೆಂಬ ನಿಯಮವನ್ನು ಬರೆದವರಾರು?

ಸ್ಥಳೀಯರನ್ನೇ ನೇಮಿಸಿದರೆ ಎಲ್ಲವೂ ಸರಿಹೋಗುತ್ತದೆಂಬ ವಾದವನ್ನು ಮಾತ್ರ ಒಪ್ಪಲಾಗದು. ತನ್ನೂರಿನ ಪ್ರಬಲರ ಕಬ್ಬಿಗೆ ತಾನೇ ಗೇಟು ಎತ್ತಿಸುವ ಸ್ಥಳೀಯ ಅಧಿಕಾರಿಗಿಂತ ದೂರದ ಊರಿನ ನಿಷ್ಠುರ ಅಭಿಯಂತರನೇ ತುದಿಯ ರೈತನಿಗೆ ಹಿತ. ನಿಗಮದ ಪ್ರಧಾನ ಕಚೇರಿಯನ್ನು ಬೆಂಗಳೂರಿನಿಂದ ಆಲಮಟ್ಟಿಗೆ ತರಲು 2019ರಲ್ಲಿ ಸಚಿವ ಸಂಪುಟ ತೀರ್ಮಾನಿಸಿದಾಗ ಉತ್ತರ ಕರ್ನಾಟಕ ಸಂತೋಷಪಟ್ಟಿತು, ಪಡಬೇಕಾದದ್ದೇ. ಆದರೆ ವಿಳಾಸದ ಬದಲಾವಣೆಯಿಂದ ಮೇಜಿನ ಸುತ್ತ ಕುಳಿತವರ ವಿದ್ಯೆ ಬದಲಾಗುವುದಿಲ್ಲ. ಇತ್ತ ಕಾಲುವೆಯ ಉದ್ದಕ್ಕೂ ರಾತ್ರಿ ಹಗಲು ಓಡಾಡಿ, ಎಲ್ಲಿ ಸೋರುತ್ತದೆ, ಯಾರು ಗೇಟು ಮುರಿಯುತ್ತಾರೆ ಎಂಬುದನ್ನು ಬಲ್ಲ ಗ್ಯಾಂಗ್‌ಮನ್ ಗುತ್ತಿಗೆಯ ನೌಕರ. ಆಡಳಿತ ಮಂಡಳಿಯಲ್ಲಿ ಹಣಕಾಸಿನ ದನಿಯಿದೆ, ಜಲಸಂಪನ್ಮೂಲ ಇಲಾಖೆಯ ದನಿಯಿದೆ. ನೀರು ಬಳಕೆದಾರರ ಸಹಕಾರ ಸಂಘದ ರೈತಮಹಿಳೆಯೋ, ನೂಲಿಗೆ ಬಣ್ಣ ಹಾಕಲು ಕೃಷ್ಣೆಯ ನೀರನ್ನೇ ನೋಡುವ ಇಳಕಲ್ಲಿನ ನೇಕಾರನೋ ಅಲ್ಲಿ ಕುಳಿತಿಲ್ಲ.

ಈ ಪ್ರಶ್ನೆಗಳಿಗೆ ಈಗ ತುರ್ತು ಬಂದಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೇ ನ್ಯಾಯಮಂಡಳಿ 2010ರಲ್ಲಿ ಅವಕಾಶ ಕೊಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಮುಳುಗಡೆಯಾಗಲಿರುವ 75,563 ಎಕರೆಗೆ ದರ ನಿಗದಿಮಾಡಿತು: ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ. ಒಮ್ಮೆ ಮುಳುಗಿದ ಬಾಗಲಕೋಟೆ ಪಟ್ಟಣಕ್ಕೆ ಮತ್ತೊಮ್ಮೆ ನೀರು ನುಗ್ಗಲಿದೆ. ಹಣ ಎಣಿಸಿಕೊಡುವುದಕ್ಕೆ ಲೆಕ್ಕಿಗರು ಸಾಕು. ಆ ಹಣ ಎರಡು ವರ್ಷದಲ್ಲಿ ಕರಗದಂತೆ ಭೂಮಿ ಕೊಳ್ಳಿಸುವುದಕ್ಕೆ, ಹೊಸ ನೆಲದಲ್ಲಿ ಬೇಸಾಯ ಹೂಡಿಸುವುದಕ್ಕೆ, ಭೂಮಿಯಿಲ್ಲದೆ ಕೂಲಿಯನ್ನೇ ನಂಬಿದ್ದವರ ಲೆಕ್ಕ ಇಡುವುದಕ್ಕೆ ಬೇರೆಯೇ ತರಬೇತಿಯ ಜನ ಬೇಕು, ಅದೂ ಕಾಯಂ ಹುದ್ದೆಗಳಲ್ಲಿ.

ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಮಾಹಿತಿ ಹಕ್ಕು ಕಾಯಿದೆ, 2005ರ 4(1)(ಬಿ) ಪ್ರಕಾರ ಪ್ರತಿಯೊಂದು ಸಾರ್ವಜನಿಕ ಸಂಸ್ಥೆ ತನ್ನ ಅಧಿಕಾರಿ-ನೌಕರರ ಪಟ್ಟಿ, ಅವರ ಅಧಿಕಾರ, ಕರ್ತವ್ಯ, ವೇತನಗಳನ್ನು ತಾನಾಗಿಯೇ ಪ್ರಕಟಿಸಬೇಕು. ವಿದ್ಯಾರ್ಹತೆಯನ್ನು ಆ ಕಲಮು ಕೇಳುವುದಿಲ್ಲ. ಮಂಜೂರಾದ ಹುದ್ದೆಗಳ ವಿಷಯವಾರು ವಿವರವನ್ನು ಅರ್ಜಿ ಹಾಕಿ ಪಡೆಯಬಹುದು. ಎರಡೂ ನಿಗಮಗಳಿಂದ ಪಡೆದು ಪಕ್ಕಪಕ್ಕ ಇಟ್ಟು ನೋಡಿದರೆ ಕೃಷಿ, ಮಣ್ಣು, ಸಮಾಜಶಾಸ್ತ್ರಗಳ ಹುದ್ದೆ ಎಷ್ಟೆಂಬುದು ಕಣ್ಣಿಗೆ ಬೀಳುತ್ತದೆ. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದದ ಹಳ್ಳಿಗಳಿಗೆ ನುಗ್ಗಿದಾಗ, ಒತ್ತುವರಿಯಿಂದ ಕಿರಿದಾದ ನದಿಪಾತ್ರವನ್ನು ಅಳೆದು ಎಚ್ಚರಿಸುವುದು ಯಾವ ನಿಗಮದ ಯಾವ ಹುದ್ದೆಯ ಕರ್ತವ್ಯವಾಗಿತ್ತೆಂಬುದನ್ನೂ ಅದೇ ಅರ್ಜಿಯಲ್ಲಿ ಕೇಳಬಹುದು. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ಅದೇ ಊರಿನಲ್ಲಿ ಪುನರ್ವಸತಿ ಆಯುಕ್ತರ ಕಚೇರಿಯೂ ಇದೆ. ಅಲ್ಲಿ ಓದಿ ಹೊರಬರುವ ಪದವೀಧರರಿಗೆ ಇಲ್ಲಿ ಹುದ್ದೆಯೆಷ್ಟು ಎಂಬ ಪ್ರಶ್ನೆಯಿಂದಲೇ ಆ ಅರ್ಜಿಯನ್ನು ಆರಂಭಿಸಲಿ.